ಲಕೋಟೆ ತೆರೆಯುವ ಮೊದಲೇ ಮುಗಿಯಬೇಕಾದ ಲೆಕ್ಕ: ಸರ್ಕಾರಿ ಕಚೇರಿಗೆ ಭಾರಿ ಯಂತ್ರ ಕೊಳ್ಳುವ ಬಗೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿಯೂ ಸರ್ಕಾರಿ ಕಚೇರಿಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ಧರೆ ಕುಸಿದರೆ, ಚರಂಡಿ ಕಟ್ಟಿಕೊಂಡರೆ, ಮರ ಬಿದ್ದು ರಸ್ತೆ ಮುಚ್ಚಿದರೆ ತೆರವು ಮಾಡಲು ಜೆಸಿಬಿ ಎಲ್ಲಿದೆ? ಕಚೇರಿಯದೇ ಯಂತ್ರ ಇದ್ದರೂ ಅದು ಶೆಡ್ಡಿನಲ್ಲಿ ಹೈಡ್ರಾಲಿಕ್ ಹೋಸು ಒಡೆದುಕೊಂಡು ನಿಂತಿರುವುದು ಅಪರೂಪವಲ್ಲ. ಕಡತ ತೆರೆದು ನೋಡಿದರೆ ಖರೀದಿಯಲ್ಲಿ ನಿಯಮದ ಲೋಪ ಒಂದೂ ಕಾಣುವುದಿಲ್ಲ. ಟೆಂಡರ್ ಕರೆಯಲಾಗಿದೆ, ಮೂವರು ಭಾಗವಹಿಸಿದ್ದಾರೆ, ಕಡಿಮೆ ದರದವರಿಗೆ ಆದೇಶ ಹೋಗಿದೆ. ಎಲ್ಲವೂ ಸರಿಯಾಗಿದ್ದು ಯಂತ್ರ ಮಾತ್ರ ಕೆಲಸಕ್ಕೆ ಬಾರದಂತಾಗಿದೆ.

ಇಂಥ ಸಂದರ್ಭದಲ್ಲಿ ಅಧಿಕಾರಿಗಳು ಹೇಳುವ ಸಮಾಧಾನವೂ ಒಂದೇ ಬಗೆಯದು: ಕಾಯ್ದೆಯೇ ಕಡಿಮೆ ದರಕ್ಕೆ ಕೊಡು ಎನ್ನುವಾಗ ಒಳ್ಳೆಯ ಯಂತ್ರ ಕೊಳ್ಳುವುದು ಹೇಗೆ? ಈ ಮಾತು ಅರ್ಧ ಮಾತ್ರ ನಿಜ. ನಮ್ಮ ರಾಜ್ಯದಲ್ಲಿ ಕೆಟಿಪಿಪಿ ಎಂದು ಎಲ್ಲರೂ ಕರೆಯುವ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವೂ ಅದರಡಿ 2000ನೇ ಇಸವಿಯಲ್ಲಿ ಬಂದ ನಿಯಮಗಳೂ ಕೇಳುವುದು, ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿಟ್ಟ ಮಾನದಂಡಗಳ ಪ್ರಕಾರವೇ ಮೌಲ್ಯಮಾಪನ ನಡೆಯಬೇಕು, ಹಾಗೆ ನಡೆದಾಗ ಕಡಿಮೆ ಬಂದ ಟೆಂಡರನ್ನು ಒಪ್ಪಬೇಕು ಎಂದು. ಆ ಮಾನದಂಡ ಷೋರೂಮಿನ ಬೆಲೆಯೊಂದೇ ಆಗಿರಬೇಕೆಂದು ಯಾರೂ ಹೇಳಿಲ್ಲ. ಯಂತ್ರ ಕುಡಿಯುವ ಡೀಸೆಲ್, ದುರಸ್ತಿಯ ಖರ್ಚು, ಕೊನೆಗೆ ಮಾರಿದಾಗ ಬರುವ ಹಣ ಇವೆಲ್ಲವನ್ನೂ ರೂಪಾಯಿಯ ಲೆಕ್ಕಕ್ಕೆ ಇಳಿಸಿ, ಆ ಲೆಕ್ಕದ ಸೂತ್ರವನ್ನು ಟೆಂಡರಿನಲ್ಲಿಯೇ ಮುದ್ರಿಸಿದರೆ ‘ಕಡಿಮೆ ದರ’ ಎಂಬ ಪದಕ್ಕೆ ಬೇರೆಯೇ ಅರ್ಥ ಬರುತ್ತದೆ. ಅತ್ಯುತ್ತಮ ಮೌಲ್ಯದ ಖರೀದಿ ಎಂದರೆ ಇದೇ. ಅದು ಅಧಿಕಾರಿಯ ವಿವೇಚನೆಗೆ ಬಿಟ್ಟ ಸಂಗತಿಯಲ್ಲ. ವಿವೇಚನೆಯನ್ನೆಲ್ಲ ಲಕೋಟೆ ತೆರೆಯುವ ಮೊದಲೇ ಕಾಗದದ ಮೇಲೆ ಇಳಿಸಿ ಮುಗಿಸುವ ಕ್ರಮ.

ಆ ಕ್ರಮವನ್ನು ನಗರಸಭೆಯ ಎಂಜಿನಿಯರ್, ಲೆಕ್ಕಾಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ಖರೀದಿಗೆ ಒಪ್ಪಿಗೆ ಕೊಡುವ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಹಂತ ಹಂತವಾಗಿ ಇಲ್ಲಿ ಬರೆಯಲಾಗಿದೆ.

ಮೊದಲ ಹಂತ: ಯಂತ್ರದ ಹೆಸರು ಬರೆಯುವ ಮೊದಲು ಕೆಲಸ ಬರೆಯಿರಿ

ನಮ್ಮ ಕಡೆ ಬ್ಯಾಕ್‌ಹೋ ಲೋಡರ್ ಯಾವ ಕಂಪನಿಯದ್ದಾದರೂ ‘ಜೆಸಿಬಿ’, ಚೈನಿನ ಮೇಲೆ ನಡೆಯುವ ಎಕ್ಸ್‌ಕವೇಟರ್ ಯಾವುದಾದರೂ ‘ಹಿಟಾಚಿ’. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಇಂಡೆಂಟಿನಲ್ಲಿಯೂ, ಅಂದರೆ ಕಚೇರಿಯ ಬೇಡಿಕೆ ಪತ್ರದಲ್ಲಿಯೂ, ‘ಒಂದು ಜೆಸಿಬಿ ಬೇಕಾಗಿದೆ’ ಎಂದು ಬರೆದು, ಅದೇ ಪದ ಆಡಳಿತಾತ್ಮಕ ಅನುಮೋದನೆಯ ಮೂಲಕ ಟೆಂಡರಿನವರೆಗೂ ಸಾಗಿಬಂದರೆ ಒಂದು ಕಂಪನಿಯನ್ನು ಹೆಸರಿಸಿ ಟೆಂಡರ್ ಕರೆದಂತಾಗುತ್ತದೆ. ಆಕ್ಷೇಪಣೆ ಬಂದರೆ ಉತ್ತರ ಕೊಡುವುದು ಕಷ್ಟ.

ಆದ್ದರಿಂದ ಮೊದಲ ಪುಟದಲ್ಲಿ ಬರಬೇಕಾದದ್ದು ಕೆಲಸದ ಪಟ್ಟಿ. ವರ್ಷದಲ್ಲಿ ಎಷ್ಟು ಕಿಲೋಮೀಟರ್ ಚರಂಡಿಯ ಹೂಳು ಎತ್ತಬೇಕು, ಕಸ ವಿಲೇವಾರಿ ಘಟಕದಲ್ಲಿ ದಿನಕ್ಕೆ ಎಷ್ಟು ಗಂಟೆ ಮಣ್ಣು ಹರಡಬೇಕು, ನೀರಿನ ಪೈಪಿಗಾಗಿ ಎಷ್ಟು ಕಂದಕ ತೋಡಬೇಕು, ಮಳೆಗಾಲದಲ್ಲಿ ಕಳೆದ ಮೂರು ವರ್ಷ ಎಷ್ಟು ಬಾರಿ ಯಂತ್ರ ಬಾಡಿಗೆಗೆ ಕರೆದಿದ್ದೀರಿ ಎಂಬುದನ್ನು ಹಳೆಯ ಬಿಲ್ಲುಗಳಿಂದ ತೆಗೆಯಬೇಕು. ಬಾಡಿಗೆ ಬಿಲ್ಲುಗಳು ಈ ವಿಷಯದಲ್ಲಿ ಯಾವ ಅಂದಾಜಿಗಿಂತಲೂ ಪ್ರಾಮಾಣಿಕವಾದ ಸಾಕ್ಷಿ. ಒಟ್ಟು ಗಂಟೆಗಳ ಸಂಖ್ಯೆ ಸಿಗದೆ ಮುಂದಿನ ಯಾವ ಹಂತವೂ ನಡೆಯದು.

ನೆಲವನ್ನೂ ಬರೆಯಿರಿ. ಕರಾವಳಿಯ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಬಕೆಟ್ಟಿನ ಹಲ್ಲು ಸವೆಸುವಷ್ಟು ಗಟ್ಟಿ. ಅದರಡಿಯ ಜೇಡಿ ಮಳೆ ಕುಡಿದ ಮೇಲೆ ಚಕ್ರ ಹೂತುಹೋಗುವ ಕೆಸರು. ಪೇಟೆಯ ಕಿರಿದಾದ ಓಣಿಗಳಿಗೆ ಇಪ್ಪತ್ತು ಟನ್ನಿನ ಯಂತ್ರ ನುಗ್ಗುವುದೇ ಇಲ್ಲ. ಜೊಯಿಡಾದಂತಹ ತಾಲ್ಲೂಕಿನಲ್ಲಿ ಊರಿಂದ ಊರಿಗೆ ದೂರ ಹೆಚ್ಚು. ಚೈನಿನ ಯಂತ್ರವನ್ನು ಪ್ರತಿ ಬಾರಿಯೂ ಟ್ರೇಲರಿನ ಮೇಲೆ ಹೇರಿಕೊಂಡು ಹೋಗಬೇಕಾಗುತ್ತದೆ, ಚಕ್ರದ್ದಾದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ತಾನೇ ರಸ್ತೆಯ ಮೇಲೆ ಓಡಬಲ್ಲದು. ಇಳಿಜಾರಿನ ಕುಸಿದ ಮಣ್ಣಿನ ಮೇಲೆ ನಿಂತು ಕೆಲಸ ಮಾಡುವುದಕ್ಕೆ ಚೈನೇ ಬೇಕು. ಎರಡೂ ಕೆಲಸಕ್ಕೆ ಒಂದೇ ಯಂತ್ರ ಸಾಕೆಂದು ಬರೆದ ಇಂಡೆಂಟ್ ಕೊನೆಗೆ ಎರಡನ್ನೂ ಅರೆಬರೆ ಮಾಡುವ ಯಂತ್ರವನ್ನು ತರುತ್ತದೆ.

ಎರಡನೆಯ ಹಂತ: ಕೊಳ್ಳಬೇಕೇ, ಬಾಡಿಗೆಗೆ ಹಿಡಿಯಬೇಕೇ

ಈ ಪ್ರಶ್ನೆಯನ್ನು ಹೆಚ್ಚಿನ ಕಚೇರಿಗಳು ಕೇಳಿಕೊಳ್ಳುವುದೇ ಇಲ್ಲ. ಅನುದಾನ ಬಂದಿದೆ, ಮಾರ್ಚ್ 31ರೊಳಗೆ ಖರ್ಚಾಗಬೇಕು, ಆದ್ದರಿಂದ ಕೊಳ್ಳುತ್ತೇವೆ. ಆದರೆ ಲೆಕ್ಕ ಮಾಡಿ ನೋಡಿದರೆ ಉತ್ತರ ಅನೇಕರಿಗೆ ಅಚ್ಚರಿ ತರುತ್ತದೆ. ಕೆಳಗಿನ ಅಂಕಿಗಳು ಉದಾಹರಣೆಗೆಂದು ಹಾಕಿಕೊಂಡವು. ನಿಮ್ಮ ಊರಿನ ದರಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಯಂತ್ರದ ಬೆಲೆ 34 ಲಕ್ಷ ರೂಪಾಯಿ, ಗಂಟೆಗೆ 4.6 ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ, ದುರಸ್ತಿಗೆ ಗಂಟೆಗೆ 190 ರೂಪಾಯಿ, ಚಾಲಕನಿಗೆ ತಿಂಗಳಿಗೆ 20,000 ರೂಪಾಯಿ, ಎಂಟು ವರ್ಷದ ಬಳಿಕ ಮಾರಿದರೆ 8 ಲಕ್ಷ ರೂಪಾಯಿ ಎಂದುಕೊಳ್ಳೋಣ. ಮುಂದಿನ ವರ್ಷಗಳ ಹಣವನ್ನು ಇಂದಿನ ಬೆಲೆಗೆ ತರಲು ವರ್ಷಕ್ಕೆ ಶೇ 8ರ ದರ ಹಿಡಿದರೆ, ಎಂಟು ವರ್ಷ ಪ್ರತಿ ವರ್ಷವೂ ತಗಲುವ ಒಂದು ರೂಪಾಯಿ ಖರ್ಚಿನ ಇಂದಿನ ಒಟ್ಟು ಬೆಲೆ 5.75 ರೂಪಾಯಿಯಷ್ಟಾಗುತ್ತದೆ, ಎಂಟನೆಯ ವರ್ಷದ ಕೊನೆಗೆ ಬರುವ ಒಂದು ರೂಪಾಯಿ ಇಂದು 54 ಪೈಸೆಗೆ ಸಮ. ಈ ಲೆಕ್ಕದಲ್ಲಿ ವರ್ಷಕ್ಕೆ 600 ಗಂಟೆ ಓಡುವ ಸ್ವಂತ ಯಂತ್ರಕ್ಕೆ ಎಂಟು ವರ್ಷದಲ್ಲಿ ಇಂದಿನ ಬೆಲೆಯಲ್ಲಿ ಸುಮಾರು 64.3 ಲಕ್ಷ ರೂಪಾಯಿ ತಗಲುತ್ತದೆ. ಅದೇ 600 ಗಂಟೆಗೆ ಡೀಸೆಲ್ ಮತ್ತು ಚಾಲಕ ಸೇರಿ ಗಂಟೆಗೆ 1,200 ರೂಪಾಯಿಯಂತೆ ಬಾಡಿಗೆ ಕೊಟ್ಟರೆ ಸುಮಾರು 41.4 ಲಕ್ಷ ರೂಪಾಯಿ. ಎರಡೂ ಸಮನಾಗುವುದು ವರ್ಷಕ್ಕೆ ಹತ್ತಿರಹತ್ತಿರ 1,270 ಗಂಟೆ ಓಡಿಸಿದಾಗ. ಅಂದರೆ ವಾರಕ್ಕೆ 24 ಗಂಟೆಗಿಂತ ಹೆಚ್ಚು ಕೆಲಸ, ವರ್ಷವಿಡೀ, ಇರಬೇಕು.

ಹಾಗಾದರೆ ಯಾರೂ ಕೊಳ್ಳಲೇಬಾರದೇ? ಹಾಗಲ್ಲ. ಜುಲೈ ತಿಂಗಳಲ್ಲಿ ಒಂದೇ ರಾತ್ರಿ ಹತ್ತು ಕಡೆ ಧರೆ ಕುಸಿದಾಗ ಬಾಡಿಗೆಯ ಯಂತ್ರ ಗಂಟೆಗೆ ಎಷ್ಟು ಕೊಟ್ಟರೂ ಸಿಗುವುದಿಲ್ಲ. ಸ್ವಂತ ಯಂತ್ರಕ್ಕೆ ನಾವು ಹೆಚ್ಚು ಕೊಡುವ ಹಣ ಆ ದಿನದ ಲಭ್ಯತೆಯ ಬೆಲೆ. ಅದನ್ನು ಕಡತದಲ್ಲಿ ಹಾಗೆಂದೇ ಬರೆದರೆ ಲೆಕ್ಕಪರಿಶೋಧಕರಿಗೂ ಒಪ್ಪಿಗೆಯಾಗುತ್ತದೆ, ನಾವೇ ನಮಗೆ ಸುಳ್ಳು ಹೇಳಿಕೊಳ್ಳುವುದೂ ತಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸಣ್ಣ ಸಂಸ್ಥೆಗಳಿಗೆ ಒಪ್ಪುವ ದಾರಿ ಎಂದರೆ, ದಿನನಿತ್ಯದ ಕೆಲಸಕ್ಕೆ ಒಂದು ಯಂತ್ರವನ್ನು ಮಾತ್ರ ಕೊಂಡು, ನೆರೆಯ ಪಂಚಾಯಿತಿಗಳೊಂದಿಗೆ ಹಂಚಿಕೊಂಡು ಅದರ ಗಂಟೆ ಹೆಚ್ಚಿಸುವುದು. ಉಳಿದದ್ದಕ್ಕೆ ಮಳೆಗಾಲಕ್ಕೆ ಮುಂಚೆಯೇ ದರ ಒಪ್ಪಂದ ಮಾಡಿಕೊಂಡು, ಕರೆದ ಇಷ್ಟು ಗಂಟೆಯೊಳಗೆ ಯಂತ್ರ ಬರಬೇಕೆಂಬ ಷರತ್ತಿಗೆ ಪ್ರತಿಯಾಗಿ ಸಣ್ಣದೊಂದು ಕಾಯ್ದಿರಿಸುವ ಶುಲ್ಕ ಕೊಡುವುದು.

ಅಪರೂಪದ ಯಂತ್ರಗಳ ವಿಷಯದಲ್ಲಂತೂ ಇದೇ ದಾರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಮಣ್ಣು ಗಂಗಾವಳಿಯೊಳಗೂ ಇಳಿಯಿತು. ನದಿಯಲ್ಲಿ ಹೂತಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ನದಿಯ ಹೂಳೆತ್ತುವ ಡ್ರೆಜರ್ ಬಂದ ಮೇಲೆ. ಅದನ್ನು ನೋಡಿ ಜಿಲ್ಲೆಗೊಂದು ಡ್ರೆಜರ್ ಕೊಳ್ಳಬೇಕೆನ್ನುವುದು ಸುಲಭ, ಆದರೆ ವರ್ಷದ ಉಳಿದ ದಿನ ಅದಕ್ಕೇನು ಕೆಲಸ? ಇಂಥ ಯಂತ್ರ ಯಾರ ಬಳಿ ಇದೆ, ಬರಲು ಎಷ್ಟು ದಿನ ಬೇಕು, ಯಾವ ಸೇತುವೆ ದಾಟಿ ಬರಬೇಕು ಎಂಬ ಪಟ್ಟಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಬಳಿ ಮೇ ತಿಂಗಳಲ್ಲಿಯೇ ಸಿದ್ಧವಿರಬೇಕು. 2005ರ ವಿಪತ್ತು ನಿರ್ವಹಣಾ ಅಧಿನಿಯಮದ 50ನೇ ಕಲಮು ತುರ್ತು ಖರೀದಿಗೂ, 65ನೇ ಕಲಮು ವಾಹನ ಮತ್ತು ಸಾಮಗ್ರಿಗಳನ್ನು ವಶಕ್ಕೆ ಪಡೆದು ಬಳಸುವುದಕ್ಕೂ ಅಧಿಕಾರ ಕೊಡುತ್ತವೆ. ಆ ಅಧಿಕಾರ ವಿಪತ್ತಿನ ದಿನಕ್ಕೆ. ಮಳೆಗಾಲ ಪ್ರತಿ ವರ್ಷ ಜೂನ್‌ನಲ್ಲಿಯೇ ಬರುತ್ತದೆಂದು ಗೊತ್ತಿದ್ದೂ ಟೆಂಡರ್ ಕರೆಯದೆ ಕುಳಿತು, ಕೊನೆಗೆ ತುರ್ತು ಎಂದು ಬರೆದು ಕೊಳ್ಳುವುದಕ್ಕಲ್ಲ.

ಮೂರನೆಯ ಹಂತ: ವಿವರಣ ಪಟ್ಟಿ

ಕೊಳ್ಳುವುದೆಂದು ತೀರ್ಮಾನವಾದ ಮೇಲೆ ತಾಂತ್ರಿಕ ವಿವರ ಬರೆಯಬೇಕು. ಡೀಲರ್ ಕೊಟ್ಟ ಬ್ರೋಷರಿನಿಂದ ಅಂಕಿಗಳನ್ನು ಹಾಗೆಯೇ ಇಳಿಸುವುದು ಇಲ್ಲಿಯ ದೊಡ್ಡ ಚಾಳಿ. ಎಂಜಿನ್ ಶಕ್ತಿ ಇಷ್ಟೇ, ಬಕೆಟ್ ಇಷ್ಟೇ, ಒಟ್ಟು ತೂಕ ಇಷ್ಟೇ ಕಿಲೋ ಎಂದು ದಶಮಾಂಶದವರೆಗೆ ಬರೆದ ಪಟ್ಟಿಯನ್ನು ನೋಡಿದರೆ ಅದು ಯಾವ ಮಾದರಿಯೆಂದು ಮಾರುಕಟ್ಟೆಯಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ. ಉಳಿದವರು ಟೆಂಡರಿಗೆ ಬರುವುದೇ ಇಲ್ಲ, ಬಂದರೂ ಲೆಕ್ಕ ತುಂಬಿಸಲು ಬರುತ್ತಾರೆ.

ಬರೆಯಬೇಕಾದದ್ದು ಕನಿಷ್ಠ ಸಾಮರ್ಥ್ಯ: ಇಷ್ಟು ಆಳ ತೋಡಬೇಕು, ಇಷ್ಟು ದೂರ ಕೈ ಚಾಚಬೇಕು, ಇಷ್ಟು ಎತ್ತರದ ಟಿಪ್ಪರಿಗೆ ಮಣ್ಣು ಸುರಿಯಬೇಕು, ಇಷ್ಟು ಅಗಲದ ರಸ್ತೆಯಲ್ಲಿ ತಿರುಗಬೇಕು. ಎಂಜಿನ್ ಶಕ್ತಿ ಹೇಳುವುದಾದರೆ ಯಾವ ಮಾನಕದ ಪ್ರಕಾರ ಅಳೆದದ್ದೆಂದು ಹೇಳಬೇಕು. ಫ್ಯಾನು, ಆಲ್ಟರ್ನೇಟರ್ ಮುಂತಾದವು ಜೋಡಿಸಿದ ಸ್ಥಿತಿಯ ನಿವ್ವಳ ಶಕ್ತಿಗೂ ಬರಿಯ ಎಂಜಿನ್ನಿನ ಶಕ್ತಿಗೂ ವ್ಯತ್ಯಾಸವಿರುವುದರಿಂದ, ಐಎಸ್ಒ 9249ರ ಪ್ರಕಾರ ನಿವ್ವಳ ಶಕ್ತಿ ಎಂದು ಬರೆದರೆ ಎಲ್ಲರೂ ಒಂದೇ ಅಳತೆಗೋಲಿನಲ್ಲಿ ಉತ್ತರಿಸುತ್ತಾರೆ. ಯಂತ್ರ ಮಗುಚಿದರೆ ಚಾಲಕನನ್ನು ಉಳಿಸುವ ಮತ್ತು ಮೇಲಿಂದ ಕಲ್ಲು ಬಿದ್ದರೆ ತಡೆಯುವ ಕ್ಯಾಬಿನ್ ರಚನೆಗಳ ಬಗ್ಗೆಯೂ ಐಎಸ್ಒ 3471 ಮತ್ತು 3449 ಎಂಬ ಮಾನಕಗಳಿವೆ. ಘಟ್ಟದಲ್ಲಿ ಕೆಲಸ ಮಾಡುವ ಬ್ಯಾಕ್‌ಹೋ ಲೋಡರಿಗೆ ಇವೆರಡನ್ನೂ ಬಿಡುವಂತಿಲ್ಲ. ಚಕ್ರದ ಯಂತ್ರಗಳಿಗೆ ಹೊಗೆ ಮಿತಿಯ ಹೊಸ ಹಂತವಾದ ಸಿಇವಿ-5 ನಿಯಮ 2025ರ ಜನವರಿ 1ರಿಂದ ಬಂದಿದೆ. ಹಳೆಯ ದಾಸ್ತಾನನ್ನು ಅಗ್ಗಕ್ಕೆ ತಳ್ಳುವವರು ಇರುತ್ತಾರಾದ್ದರಿಂದ ತಯಾರಿಕೆಯ ತಿಂಗಳು ಮತ್ತು ವರ್ಷವನ್ನೂ ಷರತ್ತಿನಲ್ಲಿ ಹೇಳಬೇಕು.

ಕರಾವಳಿಗೆ ಮಾತ್ರ ಅನ್ವಯಿಸುವ ಒಂದು ಮಾತು. ಬೆಂಗಳೂರಿನಲ್ಲಿ ಸಿದ್ಧವಾದ ಮಾದರಿ ಟೆಂಡರ್ ದಾಖಲೆಯಲ್ಲಿ ಉಪ್ಪುಗಾಳಿಯ ಪ್ರಸ್ತಾಪ ಇರುವುದಿಲ್ಲ. ಕಾರವಾರದ ಕಡಲದಂಡೆಯಲ್ಲಿ ಎರಡು ಮಳೆಗಾಲ ತೆರೆದ ಜಾಗದಲ್ಲಿ ನಿಂತ ಯಂತ್ರದ ಬ್ಯಾಟರಿ ತಂತಿ, ಸೆನ್ಸರ್ ಕನೆಕ್ಟರ್, ಹೋಸಿನ ತುದಿಯ ಫಿಟ್ಟಿಂಗ್, ಕ್ಯಾಬಿನ್ನಿನ ತಳ ಇವನ್ನು ಒಮ್ಮೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಈಗಿನ ಎಂಜಿನ್ನುಗಳು ಎಲೆಕ್ಟ್ರಾನಿಕ್ ಆಗಿರುವುದರಿಂದ ಒಂದು ಕನೆಕ್ಟರ್ ಹಸಿರು ಹಿಡಿದರೆ ಯಂತ್ರವೇ ನಿಲ್ಲುತ್ತದೆ. ನೀರು ನುಗ್ಗದ ಐಪಿ67 ದರ್ಜೆಯ ಕನೆಕ್ಟರ್, ತಳಕ್ಕೆ ತುಕ್ಕು ನಿರೋಧಕ ಲೇಪ, ತುಕ್ಕಿನ ಮೇಲೆ ಪ್ರತ್ಯೇಕ ವಾರಂಟಿ, ಹೆಚ್ಚುವರಿ ಹೋಸು ಸೆಟ್ಟು ಇವನ್ನು ಕೇಳಬೇಕು. ಶೆಡ್ಡಿನ ಖರ್ಚನ್ನೂ ಅದೇ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ಹಂತ: ಬೆಲೆಯ ಸೂತ್ರ

ಈ ಹಂತದಲ್ಲಿ ಅವಸರ ಮಾಡಬಾರದು; ಖರೀದಿಯ ಹಣೆಬರಹ ಬರೆಯುವುದು ಇಲ್ಲಿ.

ಮೇಲೆ ಹೇಳಿದ 34 ಲಕ್ಷದ ಯಂತ್ರದ ಎದುರು ಇನ್ನೊಬ್ಬರು 30 ಲಕ್ಷಕ್ಕೆ ಯಂತ್ರ ಕೊಡುತ್ತೇವೆನ್ನುತ್ತಾರೆ ಎಂದಿಟ್ಟುಕೊಳ್ಳಿ. ಕೆಲಸ ಎರಡೂ ಒಂದೇ ಮಾಡುತ್ತವೆ. ಅಗ್ಗದ್ದು ಗಂಟೆಗೆ 5.5 ಲೀಟರ್ ಕುಡಿಯುತ್ತದೆ, ದುರಸ್ತಿಗೆ ಗಂಟೆಗೆ 240 ರೂಪಾಯಿ ಬೇಡುತ್ತದೆ, ಎಂಟು ವರ್ಷದ ಮೇಲೆ 5 ಲಕ್ಷಕ್ಕೆ ಹೋಗುತ್ತದೆ. ವರ್ಷಕ್ಕೆ 1,000 ಗಂಟೆ ಓಡಿದರೆ ಇಂದಿನ ಬೆಲೆಯಲ್ಲಿ 30 ಲಕ್ಷದ ಯಂತ್ರಕ್ಕೆ ಒಟ್ಟು 69.5 ಲಕ್ಷ, 34 ಲಕ್ಷದ್ದಕ್ಕೆ 64.4 ಲಕ್ಷ ರೂಪಾಯಿ. ನಾಲ್ಕು ಲಕ್ಷ ಉಳಿಸಲು ಹೋಗಿ ಐದು ಲಕ್ಷ ಕಳೆದುಕೊಂಡಂತಾಯಿತು. ಚಾಲಕನ ವೇತನ ಎರಡಕ್ಕೂ ಒಂದೇ ಆದ್ದರಿಂದ ಈ ಹೋಲಿಕೆಯಲ್ಲಿ ಅದನ್ನು ಬಿಟ್ಟಿದೆ.

ಆದರೆ ಅದೇ ಯಂತ್ರಗಳು ವರ್ಷಕ್ಕೆ 300 ಗಂಟೆ ಮಾತ್ರ ಓಡುವುದಾದರೆ ಲೆಕ್ಕ ತಲೆಕೆಳಗಾಗುತ್ತದೆ: ಅಗ್ಗದ್ದು 39.97 ಲಕ್ಷ, ದುಬಾರಿಯದ್ದು 40.09 ಲಕ್ಷ. ಮೊದಲ ಹಂತದಲ್ಲಿ ಗಂಟೆಗಳನ್ನು ಹಳೆಯ ಬಿಲ್ಲುಗಳಿಂದ ತೆಗೆಯಿರಿ ಎಂದದ್ದು ಇದಕ್ಕಾಗಿ. ಗಂಟೆಯನ್ನು ಊಹೆಯಿಂದ ಹೆಚ್ಚಿಸಿ ಬರೆದವರು ದುಬಾರಿ ಯಂತ್ರಕ್ಕೆ, ಕಡಿಮೆ ಬರೆದವರು ಅಗ್ಗದ ಯಂತ್ರಕ್ಕೆ ಗೊತ್ತಿಲ್ಲದೆಯೇ ಬಾಗಿಲು ತೆರೆದಿರುತ್ತಾರೆ. ಕೆಲವರು ಗೊತ್ತಿದ್ದೇ ತೆರೆಯುತ್ತಾರೆ.

ಈ ಲೆಕ್ಕವನ್ನು ಟೆಂಡರಿಗೆ ಇಳಿಸುವುದು ಹೀಗೆ. ಬೆಲೆಯ ನಮೂನೆಯಲ್ಲಿ ಬಿಡ್‌ದಾರರಿಂದ ನಾಲ್ಕು ಅಂಕಿಗಳನ್ನು ಕೇಳಬೇಕು. ಒಂದನೆಯದು, ಜಿಎಸ್‌ಟಿ, ನೋಂದಣಿ, ಮೊದಲ ವರ್ಷದ ವಿಮೆ, ಕಚೇರಿಯ ಬಾಗಿಲವರೆಗಿನ ಸಾಗಣೆ ಎಲ್ಲವೂ ಸೇರಿದ ಯಂತ್ರದ ಬೆಲೆ. ಎರಡನೆಯದು, ಗ್ಯಾರಂಟಿ ಕೊಡುವ ಡೀಸೆಲ್ ಬಳಕೆ. ಮೂರನೆಯದು, ವಾರಂಟಿ ಮುಗಿದ ಮೇಲಿನ ಪ್ರತಿ ವರ್ಷಕ್ಕೂ ಬಿಡಿಭಾಗ, ಎಣ್ಣೆ, ಕೂಲಿ ಸೇರಿದ ನಿರ್ವಹಣಾ ಒಪ್ಪಂದದ ದರ. ಇದನ್ನು ಈಗಲೇ ಕಟ್ಟಿಹಾಕದಿದ್ದರೆ ಮೂರನೆಯ ವರ್ಷ ನೀವು ಅವರ ಕೈಯಲ್ಲಿರುತ್ತೀರಿ. ನಾಲ್ಕನೆಯದು, ಎಂಟನೆಯ ವರ್ಷದ ಕೊನೆಗೆ ಯಂತ್ರವನ್ನು ಅವರೇ ಹಿಂದಕ್ಕೆ ಕೊಳ್ಳಲು ಒಪ್ಪುವ ಕನಿಷ್ಠ ಬೆಲೆ. ಗಂಟೆ, ಡೀಸೆಲ್ ದರ, ವರ್ಷ, ಮುಂದಿನ ಹಣವನ್ನು ಇಂದಿನ ಬೆಲೆಗೆ ತರುವ ದರ ಇವನ್ನು ಕಚೇರಿಯೇ ತುಂಬಿ ಮುದ್ರಿಸಬೇಕು. ಆಗ ಯಾವ ಬಿಡ್‌ದಾರರಾದರೂ ತಮ್ಮ ಮೌಲ್ಯಮಾಪನ ಬೆಲೆಯನ್ನು ಮನೆಯಲ್ಲಿಯೇ ಕುಳಿತು ಲೆಕ್ಕ ಹಾಕಬಲ್ಲರು, ಎಲ್-1, ಅಂದರೆ ಅತಿ ಕಡಿಮೆ ದರದವರು, ಯಾರೆಂಬುದರ ಬಗ್ಗೆ ಜಗಳವೂ ಉಳಿಯುವುದಿಲ್ಲ.

ಅಮೆರಿಕದ ಸ್ಥಳೀಯ ಸರ್ಕಾರಗಳಲ್ಲಿ ಗ್ರೇಡರ್, ಲೋಡರ್‌ಗಳನ್ನು ಹೀಗೆ ಒಟ್ಟು ವೆಚ್ಚದ ಮೇಲೆ, ದುರಸ್ತಿಯ ಗರಿಷ್ಠ ಮಿತಿ ಮತ್ತು ಮರುಖರೀದಿಯ ಗ್ಯಾರಂಟಿಯೊಂದಿಗೆ ಕೊಳ್ಳುವ ಪದ್ಧತಿ ಹಳೆಯದು. ನಮ್ಮಲ್ಲಿ ಅದನ್ನು ಬಳಸುವಾಗ ಮರುಖರೀದಿಯ ಬೆಲೆಯನ್ನು ಬ್ಯಾಂಕ್ ಗ್ಯಾರಂಟಿಯಿಂದ ಭದ್ರಪಡಿಸಿ, ಅದನ್ನು ತಳಬೆಲೆಯೆಂದು ಮಾತ್ರ ಇಟ್ಟುಕೊಂಡು, ಹರಾಜಿನಲ್ಲಿ ಹೆಚ್ಚು ಬಂದರೆ ಹರಾಜಿಗೇ ಕೊಡುವ ಹಕ್ಕನ್ನು ಉಳಿಸಿಕೊಳ್ಳಬೇಕು. ಈಗಾಗಲೇ ಹಳೆಯ ಯಂತ್ರವಿದ್ದು ಅದನ್ನು ಕೊಟ್ಟು ಹೊಸದನ್ನು ತರುವ ವಿನಿಮಯಕ್ಕೆ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 176ನೇ ನಿಯಮ ಅವಕಾಶ ಕೊಡುತ್ತದೆ. ಆ ನಿಯಮಗಳು ರಾಜ್ಯದ ಸಂಸ್ಥೆಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲವಾದರೂ ಷರತ್ತು ಬರೆಯಲು ಒಳ್ಳೆಯ ಮಾದರಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗುಣಮಟ್ಟಕ್ಕೆ ಇಷ್ಟು ಅಂಕ, ಬೆಲೆಗೆ ಇಷ್ಟು ಅಂಕ ಎಂದು ಕೂಡಿಸುವ ಪದ್ಧತಿಯನ್ನು ಕೆಲವರು ಯಂತ್ರದ ಖರೀದಿಗೂ ತರಲು ನೋಡುತ್ತಾರೆ. ಕೇಂದ್ರದ ವೆಚ್ಚ ಇಲಾಖೆ 2021ರ ಅಕ್ಟೋಬರ್ 29ರ ಸೂಚನೆಯಲ್ಲಿ ಕಾಮಗಾರಿಗಳಿಗೂ ಸಲಹಾಸೇವೆಯಲ್ಲದ ಸೇವೆಗಳಿಗೂ ಈ ಪದ್ಧತಿಯನ್ನು ಷರತ್ತಿನೊಂದಿಗೆ ಬಿಟ್ಟುಕೊಟ್ಟಿತು. ಅಲ್ಲಿಯೂ ಬೆಲೆಯೇತರ ಅಂಶಗಳ ತೂಕ ಶೇ 30 ಮೀರುವಂತಿಲ್ಲ. ಯಂತ್ರವೆಂಬುದು ಸರಕು. ಅದರ ಗುಣವನ್ನು ಲೀಟರಿನಲ್ಲಿ, ಗಂಟೆಯಲ್ಲಿ, ರೂಪಾಯಿಯಲ್ಲಿ ಅಳೆಯಬಹುದಾದಾಗ ಅಂಕ ಹಾಕುವ ಸಮಿತಿಯನ್ನು ಕೂರಿಸುವುದು ಅನುಮಾನಕ್ಕೆ ಮಣೆ ಹಾಕಿದಂತೆ.

ಐದನೆಯ ಹಂತ: ಯಂತ್ರ ನಿಂತ ದಿನದ ಬೆಲೆ

ಈ ಜಿಲ್ಲೆಗೆ ಬರುವ ಮೆಕ್ಯಾನಿಕ್ ಬಹುಪಾಲು ಹುಬ್ಬಳ್ಳಿಯಿಂದ ಬರಬೇಕು. ಕಾರವಾರಕ್ಕಾದರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲೆ. ಮಳೆಗಾಲದಲ್ಲಿ ಯಂತ್ರ ಕೆಡುವ ದಿನವೇ ಘಟ್ಟದಲ್ಲಿಯೂ ಮಣ್ಣು ಬಿದ್ದಿರುವುದುಂಟು. ನಾನು ಬಲ್ಲ ಒಂದು ಕಚೇರಿಯಲ್ಲಿ ಜುಲೈ ಮೊದಲ ವಾರ ಕೆಟ್ಟ ಯಂತ್ರಕ್ಕೆ ಒಂದು ಹೈಡ್ರಾಲಿಕ್ ಪಂಪಿನ ಸೀಲು ಬರುವ ಹೊತ್ತಿಗೆ ಚೌತಿ ಕಳೆದಿತ್ತು. ಸೀಲಿನ ಬೆಲೆ ಕೆಲವೇ ಸಾವಿರ. ಆ ಅವಧಿಯಲ್ಲಿ ಹೊರಗಿನಿಂದ ತರಿಸಿದ ಯಂತ್ರದ ಬಾಡಿಗೆ ಲಕ್ಷಗಳಲ್ಲಿ.

ಆದ್ದರಿಂದ ‘ಹತ್ತಿರದಲ್ಲಿ ಸೇವಾ ಕೇಂದ್ರ ಇರಬೇಕು’ ಎಂಬ ಸಡಿಲ ವಾಕ್ಯ ಸಾಲದು. ದೂರು ಕೊಟ್ಟ 24 ಗಂಟೆಯೊಳಗೆ ಮೆಕ್ಯಾನಿಕ್ ಸ್ಥಳದಲ್ಲಿರಬೇಕು, 48 ಗಂಟೆಯಲ್ಲಿ ಸರಿಯಾಗದಿದ್ದರೆ ಬದಲಿ ಯಂತ್ರ ಕೊಡಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಲ್ಲಿ ಶೇ 95ರಷ್ಟು ದಿನ ಯಂತ್ರ ಸಿದ್ಧವಿರಬೇಕು, ಉಳಿದ ತಿಂಗಳುಗಳಲ್ಲಿ ಶೇ 85 ಸಾಕು, ಕೊರತೆಯಾದ ಪ್ರತಿ ದಿನಕ್ಕೂ ಆ ದಿನದ ಬಾಡಿಗೆ ದರದಷ್ಟು ದಂಡ ಎಂಬಂತೆ ಅಳೆಯಬಹುದಾದ ಮಾತುಗಳಲ್ಲಿ ಬರೆಯಬೇಕು. ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಅಂಕಿ ಇಡುವುದರಿಂದ ಪೂರೈಕೆದಾರರ ಮೇಲಿನ ಹೊರೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಅವರ ದರವೂ ಇಳಿಯುತ್ತದೆ. ಫಿಲ್ಟರ್, ಬೆಲ್ಟ್, ಹೋಸು, ಬಕೆಟ್ ಹಲ್ಲು, ಪಿನ್ನು-ಬುಷ್ಷುಗಳ ಒಂದು ಸೆಟ್ಟು ಕಚೇರಿಯ ಸ್ಟೋರಿನಲ್ಲಿಯೇ ಇರುವಂತೆ ಆದೇಶದಲ್ಲಿ ಸೇರಿಸಿ. ಚೈನಿನ ಯಂತ್ರವಾದರೆ ರೋಲರ್, ಐಡ್ಲರ್, ಸ್ಪ್ರಾಕೆಟ್, ಚೈನ್ ಸೇರಿದ ಕೆಳಭಾಗದ ದುರಸ್ತಿಯೇ ಅತಿ ದೊಡ್ಡ ಖರ್ಚು. ನಿರ್ವಹಣಾ ಒಪ್ಪಂದದಲ್ಲಿ ಅದು ಒಳಗೋ ಹೊರಗೋ ಎಂಬುದನ್ನು ಸ್ಪಷ್ಟಪಡಿಸದಿದ್ದರೆ ಬೆಲೆಯ ನಮೂನೆಯ ಮೂರನೆಯ ಅಂಕಿಗೆ ಅರ್ಥವೇ ಇಲ್ಲ.

ವಾರಂಟಿಯ ಬಗ್ಗೆಯೂ ಒಂದು ಮಾತು. ತಯಾರಕರು ಇಷ್ಟು ತಿಂಗಳು ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅದು ಎಂದು ಬರೆಯುತ್ತಾರೆ. ಸರ್ಕಾರಿ ಯಂತ್ರ ಕಡಿಮೆ ಗಂಟೆ ಓಡುವುದರಿಂದ ನಮಗೆ ತಿಂಗಳೇ ಮೊದಲು ಮುಗಿಯುತ್ತದೆ. ಮಾರ್ಚ್ ಕೊನೆಗೆ ತರಿಸಿ, ನೋಂದಣಿ ಮತ್ತು ಚಾಲಕನ ನೇಮಕವಾಗುವ ಹೊತ್ತಿಗೆ ಜೂನ್ ದಾಟಿದರೆ ಒಂದು ವರ್ಷದ ವಾರಂಟಿಯಲ್ಲಿ ಕಾಲು ಭಾಗ ಶೆಡ್ಡಿನಲ್ಲಿಯೇ ಕಳೆಯುತ್ತದೆ. ಯಂತ್ರ ಕೆಲಸ ಆರಂಭಿಸಿದ ದಿನದಿಂದ ವಾರಂಟಿ ಎಣಿಸಬೇಕೆಂದು ಬರೆಯಿರಿ.

ಆರನೆಯ ಹಂತ: ಟೆಂಡರ್ ಕರೆಯುವುದು

ಮೇ ಕೊನೆಗೆ ಯಂತ್ರ ಬೇಕೆಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ಟೆಂಡರ್ ಹೊರಬರಬೇಕು. ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಎರಡು ಲಕೋಟೆಯ ಪದ್ಧತಿಯಲ್ಲಿ ಕರೆದು, ತಾಂತ್ರಿಕ ಲಕೋಟೆಯಲ್ಲಿ ಅರ್ಹತೆಯನ್ನೂ ಹಣಕಾಸು ಲಕೋಟೆಯಲ್ಲಿ ಮೇಲಿನ ಅಂಕಿಗಳನ್ನೂ ತೆಗೆದುಕೊಳ್ಳಬೇಕು. ಅಂದಾಜು ದರಕ್ಕೆ ಒಬ್ಬ ಡೀಲರಿನ ಕೊಟೇಶನ್ ನಂಬದೆ, 2016ರಿಂದ ನಡೆಯುತ್ತಿರುವ, ಕೇಂದ್ರ ಸರ್ಕಾರದ ಖರೀದಿ ಜಾಲತಾಣವಾದ ಜೆಮ್ ಪೋರ್ಟಲ್‌ನ ದರವನ್ನೂ ಬೇರೆ ನಗರಸಭೆಗಳ ಇತ್ತೀಚಿನ ಖರೀದಿ ಆದೇಶಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಟೆಂಡರ್ ಪೂರ್ವ ಸಭೆಯನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಸೂತ್ರದಲ್ಲಿ ತೊಡಕಿದ್ದರೆ ಅದು ಹೊರಬೀಳುವುದು ಅಲ್ಲಿಯೇ. ಒಬ್ಬರು ಕೇಳಿದ ಪ್ರಶ್ನೆ ಮತ್ತು ಅದಕ್ಕೆ ಕೊಟ್ಟ ಉತ್ತರ ಎಲ್ಲರಿಗೂ ಲಿಖಿತವಾಗಿ ಹೋಗಬೇಕು, ಬದಲಾವಣೆಯಿದ್ದರೆ ತಿದ್ದುಪಡಿಯಾಗಿ ಪ್ರಕಟವಾಗಬೇಕು. ಲಕೋಟೆ ತೆರೆದ ಮೇಲೆ ಸೂತ್ರದ ಒಂದು ಅಂಕಿಯನ್ನೂ ಮುಟ್ಟುವಂತಿಲ್ಲ. ಅಸಮಾಧಾನವಿದ್ದ ಬಿಡ್‌ದಾರರು 30 ದಿನದೊಳಗೆ ಮೇಲ್ಮನವಿ ಹೋಗಲು ಕೆಟಿಪಿಪಿ ಕಾಯ್ದೆಯ 16ನೇ ಕಲಮು ಅವಕಾಶ ಕೊಟ್ಟಿದೆ. ಮೇಲ್ಮನವಿಯಲ್ಲಿ ನಿಲ್ಲುವುದು ಮುದ್ರಿತ ಸೂತ್ರ ಮಾತ್ರ, ಸಭೆಯ ನಡಾವಳಿಯ ಸುಂದರ ವಾಕ್ಯಗಳಲ್ಲ. ಒಬ್ಬರೇ ಬಿಡ್ ಮಾಡಿದ್ದರೆ ಅವರನ್ನು ಕರೆದು ಚೌಕಾಸಿಗೆ ಕೂರುವ ಮೊದಲು, ಉಳಿದವರು ಬಾರದಂತೆ ಮಾಡಿದ ಸಾಲು ವಿವರಣ ಪಟ್ಟಿಯಲ್ಲಿ ಯಾವುದಿದೆ ಎಂದು ಹುಡುಕಿ ನೋಡುವುದು ಲೇಸು.

ಏಳನೆಯ ಹಂತ: ಬಂದ ಯಂತ್ರವನ್ನು ಅಳೆದು ಪಡೆಯುವುದು

ಯಂತ್ರ ಬಂದ ದಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಫೋಟೊ ತೆಗೆಸಿಕೊಂಡು ಬಿಲ್ಲಿಗೆ ಸಹಿ ಹಾಕುವುದು ವಾಡಿಕೆ. ಪೂಜೆ ನಡೆಯಲಿ, ಸಹಿ ಮಾತ್ರ ತಡೆಯಲಿ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ತಯಾರಿಕೆಯ ತಿಂಗಳು, ಓಡಿದ ಗಂಟೆ ಎಣಿಸುವ ಅವರ್ ಮೀಟರಿನ ಆರಂಭದ ಅಂಕಿ ಇವನ್ನು ಬರೆದುಕೊಂಡ ಮೇಲೆ ನಿಮ್ಮದೇ ನೆಲದಲ್ಲಿ ಪರೀಕ್ಷೆ ನಡೆಸಬೇಕು. ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ಗುರುತು ಹಾಕಿದ ಜಾಗದಲ್ಲಿ ನಾಲ್ಕು ಗಂಟೆ ಕಂದಕ ತೋಡಿಸಿ, ಮತ್ತೆ ಅಳತೆಯ ಕ್ಯಾನಿನಿಂದ ಕಂಠದವರೆಗೆ ತುಂಬಿಸಿದರೆ ಬಳಕೆ ತಿಳಿಯುತ್ತದೆ. ಕಂದಕದ ಉದ್ದ, ಅಗಲ, ಆಳ ಅಳೆದು ಘನ ಮೀಟರಿಗೆ ಎಷ್ಟು ಲೀಟರ್ ಎಂಬುದನ್ನೂ ಬರೆಯಬೇಕು. ನಿಧಾನವಾಗಿ ಓಡಿಸಿ ಗಂಟೆಯ ಬಳಕೆ ಕಡಿಮೆ ತೋರಿಸುವ ಚಾಲಾಕಿತನ ಕಂಪನಿಯ ಚಾಲಕರಿಗೆ ಚೆನ್ನಾಗಿ ಗೊತ್ತು.

ಗ್ಯಾರಂಟಿಗಿಂತ ಹೆಚ್ಚು ಕುಡಿದರೆ ಏನು ಮಾಡಬೇಕೆಂಬುದು ಟೆಂಡರಿನಲ್ಲಿಯೇ ಇರಬೇಕು. ವರ್ಷಕ್ಕೆ 1,000 ಗಂಟೆಯ ನಮ್ಮ ಉದಾಹರಣೆಯಲ್ಲಿ ಗಂಟೆಗೆ 0.1 ಲೀಟರ್ ಹೆಚ್ಚಾದರೆ ವರ್ಷಕ್ಕೆ 9,000 ರೂಪಾಯಿ, ಎಂಟು ವರ್ಷಕ್ಕೆ ಇಂದಿನ ಬೆಲೆಯಲ್ಲಿ ಸುಮಾರು 51,700 ರೂಪಾಯಿ. ಪ್ರತಿ 0.1 ಲೀಟರಿಗೆ ಅಷ್ಟನ್ನು ಬಿಲ್ಲಿನಲ್ಲಿ ಕಡಿತ ಮಾಡುವುದಾಗಿಯೂ, ಒಂದು ಮಿತಿ ದಾಟಿದರೆ ಯಂತ್ರವನ್ನೇ ತಿರಸ್ಕರಿಸುವುದಾಗಿಯೂ ಬರೆದಿದ್ದರೆ ಕಾಗದದ ಮೇಲೆ ಕಡಿಮೆ ಅಂಕಿ ತೋರಿಸಿ ಎಲ್-1 ಆಗುವ ಆಸೆ ಯಾರಿಗೂ ಉಳಿಯುವುದಿಲ್ಲ. ಇದನ್ನು ಬರೆಯದೆ ಡೀಸೆಲ್ ಗ್ಯಾರಂಟಿಯನ್ನು ಸೂತ್ರದಲ್ಲಿ ಸೇರಿಸುವುದಕ್ಕಿಂತ ಸೇರಿಸದಿರುವುದೇ ಮೇಲು.

ಚಾಲಕನ ವಿಷಯ ಇಲ್ಲಿ ಬರುತ್ತದೆ. ಹುದ್ದೆಯೇ ಮಂಜೂರಾಗದೆ ಯಂತ್ರ ಕೊಂಡ ಕಚೇರಿಗಳಿವೆ. ಹೊರಗುತ್ತಿಗೆಯ ಚಾಲಕನಾದರೂ ಸರಿ, ಯಂತ್ರ ಬರುವ ಮೊದಲೇ ಹೆಸರು ನಿಗದಿಯಾಗಿ ಪೂರೈಕೆದಾರರ ಖರ್ಚಿನಲ್ಲಿ ತರಬೇತಿ ನಡೆಯಬೇಕು. ದಿನವೂ ಗ್ರೀಸ್ ಹಾಕುವ ಜಾಗಗಳು, ಕಡಲದಂಡೆಯ ಕೆಲಸದ ನಂತರ ಸಿಹಿನೀರಿನಲ್ಲಿ ತೊಳೆಯುವುದು, ಸುಮ್ಮನೆ ನಿಂತಾಗ ಎಂಜಿನ್ ಆರಿಸುವುದು ಇಷ್ಟನ್ನು ಕಲಿಸಿದರೂ ದುರಸ್ತಿಯ ಬಿಲ್ಲು ಇಳಿಯುತ್ತದೆ.

ಎಂಟನೆಯ ಹಂತ: ಲಾಗ್‌ಬುಕ್ ಮತ್ತು ವಿಲೇವಾರಿ

ಪ್ರತಿ ದಿನ ಅವರ್ ಮೀಟರಿನ ಅಂಕಿ, ಹಾಕಿದ ಡೀಸೆಲ್, ಮಾಡಿದ ಕೆಲಸ, ಕೆಟ್ಟಿದ್ದರೆ ದೂರು ಕೊಟ್ಟ ಸಮಯ ಮತ್ತು ಸರಿಯಾದ ಸಮಯ ಈ ಐದು ಅಂಕಣ ಸಾಕು. ದಂಡ ಹಾಕಲು ಇದೇ ದಾಖಲೆ, ನಿರ್ವಹಣಾ ಒಪ್ಪಂದದ ಬಿಲ್ಲು ಪಾಸು ಮಾಡಲೂ ಇದೇ ದಾಖಲೆ. ವರ್ಷಕ್ಕೊಮ್ಮೆ ಗಂಟೆಗೆ ಬಿದ್ದ ಖರ್ಚನ್ನು ಕೂಡಿಸಿ ಆ ವರ್ಷದ ಬಾಡಿಗೆ ದರದೊಂದಿಗೆ ಹೋಲಿಸಬೇಕು. ದುರಸ್ತಿಯ ಖರ್ಚು ಏರುತ್ತ ಹೋಗಿ ಬಾಡಿಗೆಯನ್ನು ದಾಟಿದ ವರ್ಷವೇ ಮಾರುವ ವರ್ಷ.

ಹೆಚ್ಚಿನ ಕಚೇರಿಗಳು ಇಲ್ಲಿ ತಡ ಮಾಡುತ್ತವೆ. ಸರ್ಕಾರಿ ಒಡೆತನದ ನೋಂದಾಯಿತ ವಾಹನ 15 ವರ್ಷ ದಾಟಿದರೆ ನೋಂದಣಿ ನವೀಕರಣವಿಲ್ಲವೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹದಿನಾಲ್ಕು ವರ್ಷ ಇಟ್ಟುಕೊಂಡ ಯಂತ್ರಕ್ಕೆ ಗುಜರಿಯ ಬೆಲೆ ಮಾತ್ರ ಸಿಗುತ್ತದೆ, ಎಂಟನೆಯ ವರ್ಷದಲ್ಲಿ ಓಡುತ್ತಿರುವ ಸ್ಥಿತಿಯಲ್ಲಿ ಕೇಂದ್ರ ಸರ್ಕಾರಿ ಕಂಪನಿಯಾದ ಎಂಎಸ್‌ಟಿಸಿಯ ಮೂಲಕ ಇ-ಹರಾಜಿಗೆ ಇಟ್ಟರೆ ಕೊಳ್ಳುವವರು ಇರುತ್ತಾರೆ. ಪೂರ್ತಿ ಲಾಗ್‌ಬುಕ್ ಇರುವ ಯಂತ್ರವನ್ನು ಅವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಮಾರುವ ಮೊದಲು ಆ ಲಾಗ್‌ಬುಕ್ಕಿನ ಒಂದು ಪ್ರತಿಯನ್ನು ಹೊಸ ಇಂಡೆಂಟಿನ ಕಡತಕ್ಕೆ ಹೊಲಿದುಬಿಡಿ. ಮುಂದಿನ ಟೆಂಡರಿನ ಸೂತ್ರದಲ್ಲಿ ವರ್ಷಕ್ಕೆ ಎಷ್ಟು ಗಂಟೆ ಎಂಬ ಖಾಲಿ ಜಾಗವನ್ನು ತುಂಬುವ ಅಂಕಿ ಅದರಲ್ಲಿದೆ.